ಪೆಡಲ್ ಮೇಲಿನ ಕಾಲು

ಹೊಸನಗರದಲ್ಲಿ ನಮ್ಮದು ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ವ್ಯವಹಾರ. ಅದಕ್ಕೊಂದು ಹಳೆಯ ಪಿಕಪ್ ಇದೆ. ಅದರ ಬ್ರೇಕನ್ನು ಮುಟ್ಟಲು ಅಪ್ಪಯ್ಯ ಯಾವ ಗ್ಯಾರೇಜಿನವರನ್ನೂ ಬಿಡುವುದಿಲ್ಲ. ಕೆಲಸದವನು ಬಿಟ್ಟುಹೋದ ವರ್ಷವೇ ನಾನು ಎಂ.ಎಸ್‌ಸಿ. ಮುಗಿಸಿ ಮನೆಗೆ ಬಂದೆ, ಸ್ವಲ್ಪ ದಿನ ಇದ್ದು ಹೋಗೋಣವೆಂದು. ಅಂದಿನಿಂದ ಬ್ರೇಕ್ ರಿಪೇರಿ ಇದ್ದಾಗಲೆಲ್ಲ ಪೆಡಲ್ ತುಳಿಯುವ ಕಾಲು ನನ್ನದು.

ಅವತ್ತು ಶುಕ್ರವಾರ. ಮರುದಿನ ತೀರ್ಥಹಳ್ಳಿಯ ಮದುವೆಗೆ ಲೋಡ್ ಹೋಗಬೇಕಿತ್ತು. ಇಳಿಜಾರಿನಲ್ಲಿ ಹಿಂದಿನ ಚಕ್ರದಿಂದ ಕಬ್ಬಿಣ ಉಜ್ಜಿದ ಸದ್ದು ಬರುತ್ತಿದೆಯೆಂದು ಅಪ್ಪಯ್ಯ ಬಸ್ಸಿನಲ್ಲಿ ಸಾಗರಕ್ಕೆ ಹೋಗಿ ಹೊಸ ಬ್ರೇಕ್ ಲೈನರ್ ತಂದಿದ್ದರು. ಡ್ರಮ್ಮನ್ನು ಬಡಿದು ಬಿಚ್ಚಿದರೆ ಹಳೆಯದು ಪೂರ್ತಿ ಸವೆದು ರಿವೆಟ್ಟಿನ ತಲೆಗಳು ಹೊಳೆಯುತ್ತಿದ್ದವು. ಒಳಗಿನ ಸಿಲಿಂಡರಿನಿಂದ ಎಣ್ಣೆಯೂ ಒಸರುತ್ತಿತ್ತು, ಅದರ ರಬ್ಬರನ್ನೂ ಬದಲಿಸಿದರು. ಹಾಗೆ ಮಾಡಿದಾಗ ಪೈಪಿಗೆ ಗಾಳಿ ಸೇರುತ್ತದೆ. ಅದನ್ನು ತೆಗೆಯಲು ಒಬ್ಬರು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸಬೇಕು. ಅದು ಮತ್ತೆ ಬಿಗಿಯಾಗುವ ಮೊದಲು ಕಾಲೆತ್ತಿದರೆ ಗಾಳಿ ವಾಪಸ್ಸು ಒಳಗೆ.

ಧಾರವಾಡದ ಮಣ್ಣು ಪರೀಕ್ಷೆಯ ಲ್ಯಾಬೊಂದರಲ್ಲಿ ನನಗೆ ಕೆಲಸ ಸಿಕ್ಕಿತ್ತು. ಸೋಮವಾರ ಸೇರಬೇಕು. ಅಮ್ಮನಿಗೆ ಹೇಳಿದ್ದೆ, ಅಪ್ಪಂಗೆ ನೀನೇ ಹೇಳು ಎಂದು ಅವಳು ಅಕ್ಕಿ ಆರಿಸತೊಡಗಿದ್ದಳು. ಹೇಳಬೇಕೆಂದು ಹೊರಟಾಗಲೆಲ್ಲ ಒಂದು ಮದುವೆಯೋ ಗೃಹಪ್ರವೇಶವೋ ಅಡ್ಡ ಬರುತ್ತಿತ್ತು. ಹೋಗಬೇಡ ಅಂದವರು ಯಾರೂ ಇರಲಿಲ್ಲ. ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

"ತುಳಿ."

ತುಳಿದೆ.

"ಹಿಡ್ಕ."

ಹಿಡಿದೆ. ಕ್ಯಾಬಿನ್ ತುಂಬ ಟಾರ್ಪಾಲಿನ ಕಮಟು. ಪಕ್ಕದ ಬಾಗಿಲು ತೆರೆದೇ ಇತ್ತು, ಆದರೆ ಇಳಿಯುವ ಹಾಗಿರಲಿಲ್ಲ. ಮೀನಖಂಡ ನಡುಗುತ್ತಿತ್ತು. ಕನ್ನಡಿಯಲ್ಲಿ ಅಪ್ಪಯ್ಯನ ಪಾದಗಳಷ್ಟೇ ಕಾಣುತ್ತಿದ್ದವು. ಮುಖ ಕಾಣದ್ದರಿಂದಲೇ ಇರಬೇಕು, ಮಾತು ಹೊರಬಂತು.

"ಅಪ್ಪಯ್ಯ, ಧಾರವಾಡದಲ್ಲಿ ಕೆಲಸ ಸಿಕ್ಕಿದೆ. ಸೋಮವಾರ ಸೇರ್ಬೇಕು."

ಹೇಳಿದ್ದೇ ತಡ, ಕಾಲು ತಾನಾಗಿಯೇ ಮೇಲೆ ಬಂತು.

"ಬಿಟ್ಯಾ?"

"ಹೂಂ."

"ಗಾಳಿ ಎಳೀತು. ಇನ್ನು ಮೊದ್ಲಿಂದ."

ಮತ್ತೆ ತುಳಿದೆ, ಹಿಡಿದೆ. ಅವರು ಆ ಮಾತೆತ್ತಲಿಲ್ಲ. ಕೇಳಿಸಲೇ ಇಲ್ಲವೇನೋ ಅನ್ನಿಸಿತು; ಇನ್ನೊಮ್ಮೆ ಹೇಳಲು ನನ್ನಿಂದಾಗಲಿಲ್ಲ. ಪೆಡಲ್ ನಿಧಾನವಾಗಿ ಗಟ್ಟಿಯಾಗುತ್ತ ಬಂತು. ಒಂದು ಚಕ್ರ ಮುಗಿಯಿತು, ಇನ್ನೊಂದು ಬಾಕಿ.

ಅಪ್ಪಯ್ಯ ಎದ್ದರು. ಶಾಮಿಯಾನದ ಸಾಮಾನುಗಳ ರಾಶಿಯಿಂದ ಒಂದು ಬಿದಿರಿನ ತುಂಡು ತಂದು, ನನ್ನ ಕಾಲು ಸರಿಸಿ, ಸೀಟಿನ ಅಂಚಿನಿಂದ ಪೆಡಲಿನವರೆಗೆ ಹಿಡಿದು ನೋಡಿದರು. ಹೊರಗೆ ಹೋಗಿ ಕತ್ತಿಯಲ್ಲಿ ತುದಿ ಕಡಿದರು. ಮತ್ತೆ ಬಂದು ನೋಡಿ ಇನ್ನಷ್ಟು ಕಡಿದರು. ಆಮೇಲೆ ಪೆಡಲನ್ನು ಕೈಯಿಂದಲೇ ಒತ್ತಿ, ಕೋಲನ್ನು ನಡುವೆ ಸಿಕ್ಕಿಸಿದರು. ನಿಂತಿತು.

"ಸೋಮವಾರದಿಂದ ಇದೇ ಸೈ" ಎಂದರು. ನನ್ನ ಮುಖ ನೋಡಲಿಲ್ಲ.

ಅವರು ಸ್ಪ್ಯಾನರ್ ಹಿಡಿದು ಚಕ್ರದ ಕಡೆ ಹೋದರು. ನಾನು ಇಳಿಯಬಹುದಿತ್ತು. ಆದರೆ ಬಿದಿರಿನ ತುದಿ ಪೆಡಲಿನ ಮೇಲೆ ತುಸು ವಾಲಿದಂತೆ ಕಾಣುತ್ತಿತ್ತು. ಕಾಲು ಮಡಚಿಕೊಂಡು, ಕೋಲು ಜಾರದಂತೆ ಕಾಯುತ್ತ, ಅಲ್ಲೇ ಕೂತೆ.