ಒಂದೇ ಪೋರ್ಟಿನಲ್ಲಿ ಕೂತ ಎರಡು ಪ್ರೋಗ್ರಾಂ

ಮಗನ ಮಗಳು ಮೂಕಂಡಪಲ್ಲಿಯ ನನ್ನ ಮನೆಯಲ್ಲಿದ್ದುಕೊಂಡು ಹೊಸೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಕೆಲಸ ಮಾಡುತ್ತಿದ್ದಳು. ಇನ್ನೂ ಕಾಯಂ ಆಗಿರಲಿಲ್ಲ. ಆಗದಿದ್ದರೆ ಅವಳಪ್ಪ ತನ್ನ ಊರು ಗುಮ್ಮಳಾಪುರಕ್ಕೆ ಕರೆದುಕೊಂಡು ಹೋಗಿ ಮದುವೆ ಮಾಡುವವನಿದ್ದ. ಗಂಡನ್ನೂ ನೋಡಿಟ್ಟಿದ್ದ.

ಪ್ರೋಗ್ರಾಂ ಸರಿಯಿದೆಯೇ ಎಂದು ತಾವಾಗಿಯೇ ನೋಡುವ ಟೆಸ್ಟ್‌ಗಳನ್ನು ಬರೆಯುವುದು ಅವಳ ಕೆಲಸ. ಸರಿಯಿದ್ದರೆ ಪರದೆಯ ಮೇಲೆ ಹಸಿರು, ತಪ್ಪಿದ್ದರೆ ಕೆಂಪು. ನನಗೆ ಅಷ್ಟು ತಿಳಿದರೆ ಸಾಕಿತ್ತು. ಹಿಂದಿನ ಸಂಜೆ ಎಲ್ಲ ಹಸಿರು ಎಂದು ಮೇಲಿನವರಿಗೆ ಬರೆದು ಕಳಿಸಿದ್ದಳು. ಬೆಳಿಗ್ಗೆ ನೋಡಿದರೆ ಮುಖ ಬಿಳಿಚಿಕೊಂಡಿತ್ತು. ಮುದ್ದೆ ತಟ್ಟೆಯಲ್ಲೇ ಆರುತ್ತಿತ್ತು.

"ಏನಾಯ್ತೇ?"

"ಆ ಹಸಿರು ಸುಳ್ಳು ಅಜ್ಜಿ. ಹಳೇ ಪ್ರೋಗ್ರಾಮ್ನ ನಾನು ನಿಲ್ಸೇ ಇಲ್ಲ. ಅದು ಪೋರ್ಟಲ್ಲಿ ಕೂತಿತ್ತು. ಹೊಸದು ಹೋದ್ರೆ ಜಾಗ ಇಲ್ಲ ಅಂತಿತ್ತು. ತಲೆ ಕೆಟ್ಟು, ಎರಡೂ ಅಲ್ಲೇ ಕೂತ್ಕಳ್ಳಿ ಅಂತ ಸೆಟ್ಟಿಂಗ್ ಬದಲಾಯ್ಸಿ ಬಿಟ್ಬುಟ್ಟೆ."

ಪೋರ್ಟ್ ಎಂದರೆ ಕಂಪ್ಯೂಟರಿನೊಳಗೆ ಮಾತು ಬಂದು ಹೋಗುವ, ನಂಬರಿರುವ ಬಾಗಿಲಂತೆ.

"ಬಿಟ್ರೆ ಏನೀಗ? ನಮಗೂ ಪಕ್ಕದ ಮನೇರ್ಗೂ ಒಂದೇ ನಲ್ಲಿ ಇಲ್ವಾ?"

"ನಲ್ಲೀಲಿ ಯಾರ್ ಹಿಡಿದ್ರೂ ಅದೇ ನೀರು. ಇಲ್ಲಿ ಟೆಸ್ಟ್ ಕೇಳಿದ್ದಕ್ಕೆಲ್ಲ ಹಳೇದೇ ಉತ್ತರ ಕೊಟ್ಟೈತೆ. ಹೊಸದನ್ನ ಯಾರೂ ಕೇಳೇ ಇಲ್ಲ."

ಹಳೆಯದನ್ನು ನಿಲ್ಲಿಸಿದಳು. ಹೊಸದು ಖಾಲಿ ಇರುವ ಪೋರ್ಟನ್ನು ತಾನೇ ಹುಡುಕಿಕೊಳ್ಳುವಂತೆ ಬರೆದು, ಟೆಸ್ಟ್‌ಗಳನ್ನು ಮತ್ತೆ ಓಡಿಸಿದಳು. ಪರದೆಯ ಮೇಲೆ ಒಂದರ ಕೆಳಗೊಂದು ಕೆಂಪು.

"ಯಾರ್ಗೂ ಗೊತ್ತಾಗಕಿಲ್ಲ ಅಜ್ಜಿ. ಸುಮ್ನೆ ಇದ್ಬುಡ್ಲಾ?"

"ಇವತ್ತು ಅದನ್ನ ಯಾವ್ದೋ ಫ್ಯಾಕ್ಟರಿ ಮಿಷಿನ್ಗೆ ಹಾಕ್ತಾರೆ ಅಂತ ನೀನೇ ಅಂದಿದ್ದೆ."

"ಹೂಂ."

"ಮತ್ತೆ ನನ್ನೇನೇ ಕೇಳ್ತೀಯ? ಫೋನ್ ಮಾಡು. ಆಮೇಲೆ ಅಳೀವಂತೆ."

ಮೇಲಿನವರಿಗೆ ಮಾಡಿದಳು. ಮಾತೆಲ್ಲ ತಮಿಳಿನಲ್ಲಿ. ಆ ಕಡೆಯವರು ಏನೋ ಹೇಳಿ ಫೋನ್ ಇಟ್ಟುಬಿಟ್ಟರು.

"ಏನಂದ್ರು?"

"ಮಿಷಿನ್ಗೆ ಹಾಕಾದು ನಿಲ್ಸಿದ್ರು. ನನ್ನ ಕಾಯಂ ಮಾಡೋ ಮಾತು ಇನ್ನೊಂದ್ ತಿಂಗಳು ಮುಂದಕ್ಕಾಕವ್ರೆ."

"ಕೆಲ್ಸದಿಂದ ತೆಗ್ದಿಲ್ಲ ತಾನೆ?"

"ಇನ್ನೂ ಇಲ್ಲ."

ಮಗನಿಗೆ ಫೋನ್ ಮಾಡಿ, ಗಂಡಿನ ಕಡೆಯವರನ್ನು ಈ ತಿಂಗಳು ಕರೆಯಬೇಡ ಎಂದೆ. ಅವನು ಕೂಗಾಡಿದ. ಕೂಗಲಿ ಎಂದು ಇಟ್ಟೆ. ಅವಳು ಆಗಲೇ ಮೊದಲನೆಯ ಕೆಂಪನ್ನು ಸರಿಮಾಡಲು ಕೂತಿದ್ದಳು.