ಫಾರ್ಮಿನಲ್ಲಿ ನಾವು ಬರೆದ ‘ನೋ’

‘ಮಗುವಿನ ತಂದೆ–ತಾಯಿ ರಕ್ತಸಂಬಂಧಿಗಳೇ?’ ಆಸ್ಪತ್ರೆಯ ಫಾರ್ಮಿನ ಎರಡನೇ ಪುಟದಲ್ಲಿ ಈ ಪ್ರಶ್ನೆ ಇತ್ತು. ಗೆಳತಿ ವಸುಧಾ ಪೆನ್ನು ಹಿಡಿದು ನನ್ನ ಮುಖ ನೋಡಿದಳು. “ನೋ ಅಂತ ಹಾಕಮ್ಮಾ, ತಲೆನೋವು ಬೇಡ” ಅಂದೆ. ಹಾಕಿದಳು.

ಇದು ಮೂರು ವರ್ಷದ ಹಿಂದಿನ ಮಾತು.

ವಸುಧಾಳ ಗಂಡ ಆನಂದ್ ಅವಳ ಸೋದರಮಾವ. ಅಮ್ಮನ ಸ್ವಂತ ತಮ್ಮ. ಅವರ ಹುಬ್ಬಳ್ಳಿಯಲ್ಲಿ ಇದೊಂದು ಸುದ್ದಿಯೇ ಅಲ್ಲ. ಆದರೆ ನಾವಿರುವ ಅಮೆರಿಕದ ಈ ಬ್ರಿಡ್ಜ್‌ವಾಟರ್‌ನಲ್ಲಿ? ಒಮ್ಮೆ ನನ್ನ ಆಫೀಸಿನ ಲಂಚ್ ಟೇಬಲ್‌ನಲ್ಲಿ ‘ನನ್ನ ಫ್ರೆಂಡ್ ತನ್ನ ಅಂಕಲ್‌ನನ್ನೇ ಮದುವೆಯಾಗಿದ್ದಾಳೆ’ ಅಂದುಬಿಟ್ಟಿದ್ದೆ. ಎಲ್ಲರ ಫೋರ್ಕುಗಳೂ ಗಾಳಿಯಲ್ಲೇ ನಿಂತವು. ಆವತ್ತೇ ಬುದ್ಧಿ ಕಲಿತೆ, ಇವರ ಮುಂದೆ ಈ ವಿಷಯ ಎತ್ತಬಾರದು.

ವಸುಧಾಳ ಹತ್ತಿರ ಇನ್ನೂ ಗಟ್ಟಿ ಲಾಜಿಕ್ ಇತ್ತು. “ನಂದು ಬ್ಯಾರೆ ಗೋತ್ರ, ಅವರದು ಬ್ಯಾರೆ ಗೋತ್ರ. ರಕ್ತಸಂಬಂಧ ಹ್ಯಾಂಗ ಆಗ್ತದ ಹೇಳ್ರಿ ಅಕ್ಕಾ?” (ಪುರೋಹಿತರೇ ಒಪ್ಪಿ ಮಂತ್ರ ಹೇಳಿದ ಮೇಲೆ ಡಾಕ್ಟರದ್ದೇನು ತಕರಾರು?) ನನಗೂ ಸರಿ ಅನಿಸಿತ್ತು. ಡಬಲ್ ಎಂಎ ಮಾಡಿರುವ ನನಗೆ!

ಅವರ ಮಗಳು ನಿಧಿಗೆ ಆಗ ಒಂಬತ್ತು. ದೇವಸ್ಥಾನದಲ್ಲಿ ನೆಲದ ಮೇಲೆ ಕೂತರೆ, ಏಳುವಾಗ ಎರಡೂ ಕೈಯನ್ನು ಮೊಣಕಾಲಿಗೆ ಊರಿ, ತೊಡೆಗೆ ಊರಿ, ಅಜ್ಜಿಯರ ಹಾಗೆ ಏಳುತ್ತಿದ್ದಳು. ನಾವು ನಕ್ಕಿದ್ದೆವು.

ಡಾಕ್ಟರುಗಳು ಮೊದಲು ಬೆಳೆಯುವ ವಯಸ್ಸಿನ ನೋವು ಅಂದರು. ಆಮೇಲೆ ವಿಟಮಿನ್. ಆಮೇಲೆ ಫಿಸಿಯೋಥೆರಪಿ. ಪ್ರತಿ ಹೊಸ ಕ್ಲಿನಿಕ್‌ನಲ್ಲೂ ಅದೇ ಫಾರ್ಮು, ಅದೇ ಪ್ರಶ್ನೆ, ಅದೇ ‘ನೋ’. ನಿಧಿ ಮೆಟ್ಟಿಲು ಹತ್ತುವುದನ್ನು ಬಿಟ್ಟಳು. ಸ್ಕೂಲಿನಲ್ಲಿ ಅವಳೊಬ್ಬಳಿಗೆ ಎಲಿವೇಟರಿನ ಕೀ ಕೊಟ್ಟರು.

ಈ ವರ್ಷ ಜೆನೆಟಿಕ್ಸ್ ಕ್ಲಿನಿಕ್‌ಗೆ ಕಳಿಸಿದರು. ಆನಂದ್ ಊರಲ್ಲಿರಲಿಲ್ಲ, ಡ್ರೈವ್ ಮಾಡಿದ್ದು ನಾನು. ವಂಶದ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ಅಲ್ಲಿನ ಕೌನ್ಸೆಲರ್ ನಗುಮುಖದ ಹೆಂಗಸು. ಬಿಳಿ ಹಾಳೆ ಮೇಲೆ ವಂಶವೃಕ್ಷ ಬರೆಯತೊಡಗಿದಳು, ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ‘ನೀವು ದಂಪತಿ ಸಂಬಂಧಿಕರಾ?’ ಎಂದು ಬಾಯಿಬಿಟ್ಟು ಕೇಳಿದಳು. ವಸುಧಾ ತಕ್ಷಣ, “ನೋ ನೋ.”

ಪಕ್ಕದಲ್ಲಿ ಫೋನ್ ನೋಡುತ್ತಿದ್ದ ನಿಧಿ ತಲೆಯೆತ್ತಿದಳು. “ಬಟ್ ಅಮ್ಮಾ, ಡ್ಯಾಡ್ ಈಸ್ ಅಜ್ಜೀಸ್ ಲಿಟಲ್ ಬ್ರದರ್!”

ಅಯ್ಯೋ ದೇವರೇ! ನಾನು ಗೋಡೆಯ ಮೇಲಿದ್ದ ಕೈ ತೊಳೆಯುವ ಪೋಸ್ಟರನ್ನು ಬಹಳ ಶ್ರದ್ಧೆಯಿಂದ ಓದತೊಡಗಿದೆ. ವಸುಧಾಳ ಮುಖ ಕೆಂಪಗಾಗಿತ್ತು. ಕೌನ್ಸೆಲರ್ ಮಾತ್ರ ಹುಬ್ಬು ಕೂಡ ಏರಿಸಲಿಲ್ಲ. ವಸುಧಾಳ ಸೊನ್ನೆಗೂ ಆನಂದ್‌ನ ಚೌಕಕ್ಕೂ ನಡುವೆ ಇದ್ದ ಗೆರೆಯ ಪಕ್ಕ ಇನ್ನೊಂದು ಗೆರೆ ಎಳೆದಳು, ಸಂಬಂಧದೊಳಗಿನ ಮದುವೆಯ ಗುರುತು, ಅಷ್ಟೇ. ಇಂಥ ಜೋಡಿಗೆರೆಯನ್ನು ಎಷ್ಟೋ ದೇಶದವರಿಗೆ ಎಳೆದಿದ್ದೇನೆ, ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ ಅಂದಳು.

ಆಮೇಲೆ ಎಲ್ಲವೂ ಬೇಗ ನಡೆಯಿತು. ರಕ್ತದ ಟೆಸ್ಟು, ರಿಪೋರ್ಟು. ಅಪರೂಪದ ಕಾಯಿಲೆ. (ಹೆಸರು ಬರೆಯುವುದಿಲ್ಲ, ನೀವು ಗೂಗಲ್ ಮಾಡಿ ಮನೆಮಂದಿಗೆಲ್ಲ ಇದೆ ಅಂದುಕೊಳ್ಳುತ್ತೀರಿ.) ಮೈಯಲ್ಲಿ ತಯಾರಾಗಬೇಕಾದ ಒಂದು ಎಂಜೈಮ್ ತಯಾರಾಗುತ್ತಿಲ್ಲ, ಹಾಗಾಗಿ ಸ್ನಾಯುಗಳು ಸೋಲುತ್ತಿವೆ. ತಾಯಿ–ತಂದೆ ಇಬ್ಬರಿಂದಲೂ ಅದೇ ದೋಷ ಬಂದರಷ್ಟೇ ಇದು ಕಾಣಿಸಿಕೊಳ್ಳುವುದು. ಸಂಬಂಧದಲ್ಲಿ ಮದುವೆಯಾದವರ ಮಕ್ಕಳಿಗೆಲ್ಲ ಹೀಗಾಗುತ್ತದೆ ಅಂತಲ್ಲ. ಸಾಧ್ಯತೆ ಹೆಚ್ಚು, ಅದಕ್ಕೇ ಅವರು ಕೇಳುವುದು.

ಒಂದು ಕಾಲದಲ್ಲಿ ಇದಕ್ಕೆ ಔಷಧವೇ ಇರಲಿಲ್ಲವಂತೆ. ಈಗ ಆ ಎಂಜೈಮನ್ನೇ ಹೊರಗಿನಿಂದ ಡ್ರಿಪ್‌ನಲ್ಲಿ ಕೊಡುತ್ತಾರೆ, ಎರಡು ವಾರಕ್ಕೊಮ್ಮೆ. ಅದಕ್ಕಿಂತ ಹೊಸ ಚಿಕಿತ್ಸೆಗಳೂ ಬರುತ್ತಿವೆಯಂತೆ. ಕೇಳಿ ವಸುಧಾ ಅತ್ತೇಬಿಟ್ಟಳು, ಖುಷಿಗೆ.

ಆಮೇಲೆ ಡಾಕ್ಟರ್ ಉಳಿದದ್ದನ್ನೂ ಹೇಳಿದರು. ಇರುವ ಶಕ್ತಿಯನ್ನು ಉಳಿಸಿಕೊಳ್ಳಬಹುದು. ಹೋದದ್ದರಲ್ಲಿ ಎಷ್ಟು ವಾಪಸ್ ಬರುತ್ತದೋ ಹೇಳಲಾಗದು. ಸಂಬಂಧದ ವಿಷಯ ಗೊತ್ತಿದ್ದರೆ ಈ ಟೆಸ್ಟನ್ನು ಮೊದಲ ವರ್ಷವೇ ಮಾಡಿಸುತ್ತಿದ್ದೆವು ಅಂದರು. ಬೈಯುವ ದನಿಯಲ್ಲಿ ಅಲ್ಲ. ಬೈದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಸಕ್ಕರೆ ಕಾಯಿಲೆಗೆ ‘ಸ್ವಲ್ಪ ಶುಗರ್’ ಅನ್ನುತ್ತೇವೆ. ಮನೆಯಲ್ಲಿ ಯಾರಿಗೋ ಫಿಟ್ಸ್ ಇದ್ದರೆ ಸಂಬಂಧ ಕುದುರುವ ತನಕ ಉಸಿರೆತ್ತುವುದಿಲ್ಲ. ಮರ್ಯಾದೆ ಉಳಿಸಿಕೊಳ್ಳುವುದರಲ್ಲಿ ನಮ್ಮದು ಎತ್ತಿದ ಕೈ. ವಿಜ್ಞಾನಿಗಳು ಲ್ಯಾಬಿನಲ್ಲಿ ಕೂತು ಏನು ಬೇಕಾದರೂ ಕಂಡುಹಿಡಿಯಲಿ, ನಾವು ಫಾರ್ಮಿನಲ್ಲಿ ಸುಳ್ಳು ಬರೆದರೆ ಅವರೇನು ಮಾಡಿಯಾರು?

ಕಳೆದ ವಾರ ನಿಧಿಯ ಮೂರನೇ ಡ್ರಿಪ್. ವಸುಧಾ ನರ್ಸ್ ಜೊತೆ ಮಾತಾಡಲು ಹೊರಗೆ ಹೋಗಿದ್ದಳು. ಕೈಗೆ ಟ್ಯೂಬ್ ಹಾಕಿಸಿಕೊಂಡು, ಕಂಬಳಿ ಹೊದ್ದು ಕೂತಿದ್ದ ಹುಡುಗಿ ನನ್ನ ಕಡೆ ತಿರುಗಿ, ಯಾವ ಸಿಟ್ಟೂ ಇಲ್ಲದೆ ಕೇಳಿದಳು:

“ಆಂಟಿ, ‘ನೋ’ ಅಂತ ಬರೀಲಿಕ್ಕೆ ಯಾರೋ ಫ್ರೆಂಡ್ ಹೇಳಿದ್ರಂತೆ ಅಮ್ಮಂಗೆ. ಡು ಯೂ ನೋ ಹರ್?”