ಸೋಸಿದ ನೀರು

ದೆವ್ವ, ಗಾಳಿ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ಎಂದೂ ನಂಬಿದವಳಲ್ಲ. ನನ್ನ ತಂದೆ ಶಾಲಾ ಮಾಸ್ತರರು. ಕತ್ತಲಲ್ಲಿ ಏನಾದರೂ ಸದ್ದಾಗಿ ನಾನು ಹೆದರಿದರೆ, ಕಂದೀಲು ಹಿಡಿದು ನನ್ನನ್ನೂ ಕರೆದುಕೊಂಡು ಹೋಗಿ, ಬೆಕ್ಕನ್ನೋ ಸಡಿಲಾದ ಕಿಟಕಿಯನ್ನೋ ತೋರಿಸಿಯೇ ಮಲಗಿಸುತ್ತಿದ್ದರು. ಹಾಗಾಗಿ ಹೆಂಗಸರು ಒಂದೆಡೆ ಕೂತು ಇಂಥ ಕಥೆ ತೆಗೆದರೆ ನಾನು ನಡುವೆ ಬಾಯಿ ಹಾಕಿ ಅವರ ರುಚಿ ಕೆಡಿಸುತ್ತಿದ್ದೆ. ಈಗ ಅಂಥದೇ ಒಂದನ್ನು ಬರೆಯಲು ನಾನೇ ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಇದು ಇಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ನನ್ನ ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ದೀಪಾವಳಿ ಮುಗಿಯುತ್ತಲೇ ಬೆಳಗಾವಿಯ ನಮ್ಮ ಗಲ್ಲಿಯಲ್ಲಿ ಇಲಿ ಬೀಳತೊಡಗಿದವು. ಇಲಿ ಸತ್ತು ಬಿದ್ದರೆ ಪ್ಲೇಗು ಬಂತೆಂದೇ ತಿಳಿಯಬೇಕು. ಮನೆಗೆ ಕೀಲಿ ಹಾಕಿ, ಊರ ಹೊರಗೆ ಗುಡಿಸಲು ಕಟ್ಟಿಕೊಂಡು ಇರುವುದು ಆಗಿನ ರೂಢಿ. ನಮ್ಮ ಹೊಲ ಖಾನಾಪುರದಿಂದ ಬೀಡಿ ಎಂಬ ಊರಿಗೆ ಹೋಗುವ ದಾರಿಯಲ್ಲಿ, ಕಾಡಿನ ಅಂಚಿಗಿತ್ತು. ನಮ್ಮವರು, ಅತ್ತೆ, ನಾನು ಮೂವರೂ ಖಾನಾಪುರದವರೆಗೆ ರೈಲಿನಲ್ಲಿ ಬಂದು, ಮುಂದೆ ಚಕ್ಕಡಿಯಲ್ಲಿ ಅಲ್ಲಿಗೆ ಹೋದೆವು. ತಪ್ಪಿಸಿಕೊಂಡೆವು ಎಂದುಕೊಂಡೆವು. ಬೇನೆ ನಮ್ಮ ಜೊತೆಗೇ ಬಂದಿತ್ತು. ವಾರದೊಳಗೆ ಅತ್ತೆಗೆ ಜ್ವರ ಏರಿತು, ಕುತ್ತಿಗೆಯಲ್ಲಿ ಗಡ್ಡೆ ಎದ್ದಿತು.

ಅತ್ತೆಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ ಜೈನರ ಮನೆಗಳಲ್ಲಿ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳು ಸಾಯಬಾರದೆಂದು, ಅದನ್ನು ಮಗುಚಿ ನೀರು ತಂದಲ್ಲಿಗೇ ತೊಳೆದು ಬಿಡಬೇಕು. ಇದರಲ್ಲಿ ಅತ್ತೆಯ ಹತ್ತಿರ ಯಾರಿಗೂ ರಿಯಾಯಿತಿ ಇರಲಿಲ್ಲ. ಹೊತ್ತು ಮುಳುಗಿದ ಮೇಲೆ ಅವರು ಒಂದು ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ಕಣ್ಣಿಗೆ ಕಾಣದ ಹುಳವನ್ನು ಅದರ ಮನೆಗೆ ಮುಟ್ಟಿಸುತ್ತೀರಿ, ಸೊಸೆಯನ್ನು ಮಾತ್ರ ತವರಿಗೆ ಕಳಿಸುವುದಿಲ್ಲ ಎಂದು ನಾನು ಚೇಷ್ಟೆ ಮಾಡಿದರೆ ನಗುತ್ತಿದ್ದರು. ನಗುತ್ತಿದ್ದರೇ ಹೊರತು ಕಳಿಸುತ್ತಿರಲಿಲ್ಲ.

ಈಗ ನಮ್ಮವರೇ ನನ್ನನ್ನು ತವರಿಗೆ ಹೋಗೆಂದರು. ನಾನು ಹೋಗಲಿಲ್ಲ. ಧೈರ್ಯವಿತ್ತೆಂದಲ್ಲ, ಅವರನ್ನು ಹಾಗೆ ಬಿಟ್ಟು ಹೋಗಲು ಕಾಲು ಏಳಲಿಲ್ಲ. ಸುತ್ತಲಿನ ಗುಡಿಸಲಿನವರು ನಮ್ಮ ಕಡೆ ಹಾಯುವುದನ್ನು ಬಿಟ್ಟಿದ್ದರು. ಅವರನ್ನು ನಾನು ದೂರುವುದಿಲ್ಲ, ಅವರಿಗೂ ಮಕ್ಕಳಿದ್ದವು. ನಮ್ಮ ಹೊಲ ಮಾಡುತ್ತಿದ್ದ ರೈತನ ಹೆಂಡತಿ ಲಕ್ಷ್ಮವ್ವ ಮಾತ್ರ ದಿನಾಲು ಬಂದು, ದೂರದ ಕಲ್ಲಿನ ಮೇಲೆ ಹಾಲಿನ ಚೊಂಬು ಇಟ್ಟು ಕೂಗಿ ಹೋಗುತ್ತಿದ್ದಳು. ಆ ವರ್ಷ ದನಗಳಿಗೂ ದೊಡ್ಡ ಬೇನೆ ಬಿದ್ದು ಅವಳ ಎತ್ತುಗಳು ಸತ್ತಿದ್ದವು. ಆ ಬೇನೆ ಕಾಡಿಗೂ ಹೊಕ್ಕಿದೆ, ಒಂದು ಒಂಟಿ ಕಾಡುಕೋಣ ಹಳ್ಳದ ಕಡೆ ಅಡ್ಡಾಡುತ್ತಿದೆ, ಸಂಜೆ ಅಲ್ಲಿಗೆ ಇಳಿಯಬೇಡಿ ಎಂದು ಅವಳೇ ಎಚ್ಚರಿಸಿದ್ದಳು.

ಗಡ್ಡೆ ದೊಡ್ಡದಾದಂತೆ ಅತ್ತೆಯ ಗಂಟಲು ಕಟ್ಟಿತು. ಎರಡು ದಿನ ಒಂದು ಗುಟುಕೂ ಒಳಗಿಳಿಯಲಿಲ್ಲ. ನೀರು ನೀರು ಎಂದು ತುಟಿ ಆಡುತ್ತಿತ್ತು. ಚಮಚದಿಂದ ಬಿಟ್ಟರೆ ಕಟವಾಯಿಯಿಂದ ಹೊರಗೆ ಹರಿಯುತ್ತಿತ್ತು. ಬಿಂದಿಗೆ ತುಂಬ ನೀರಿಟ್ಟುಕೊಂಡು, ನೀರಡಿಸಿದವರ ಮುಂದೆ ಏನೂ ಮಾಡಲಾಗದೆ ಕೂತಿದ್ದೆ. ಅಂಥ ಸಂಕಟ ನನಗೆ ಮತ್ತೆಂದೂ ಆಗಿಲ್ಲ. ಡಾಕ್ಟರರನ್ನು ಕರೆತರಲು ನಮ್ಮವರು ಬೆಳಗಾವಿಗೆ ಹೋದರು. ಸಂಜೆಯ ಹೊತ್ತಿಗೆ, ಹಳ್ಳದ ತಣ್ಣನೆಯ ನೀರಾದರೂ ಇಳಿದೀತೇನೋ ಎಂಬ ಆಸೆ ಹುಟ್ಟಿತು. ಹೊತ್ತು ಮುಳುಗಿದರೆ ಅವರು ಬಾಯಿ ತೆರೆಯುವವರಲ್ಲ. ಕೊಡ, ತಂಬಿಗೆ, ಸೋಸುವ ಬಟ್ಟೆ ಹಿಡಿದು ಓಡಿದೆ. ಲಕ್ಷ್ಮವ್ವನ ಮಾತು ನೆನಪಿಗೂ ಬರಲಿಲ್ಲ.

ಹಳ್ಳದಲ್ಲಿ ಆಗಲೇ ಮಂಜು ಕೂತಿತ್ತು. ಮೇಲಿನ ಮರಗಳಿಗೆ ಮಾತ್ರ ಬಿಸಿಲಿತ್ತು, ಕೆಳಗೆಲ್ಲ ಹಾಲು ಬೆರೆಸಿದಂಥ ಬೆಳಕು. ಒಂದು ಹಕ್ಕಿಯ ದನಿಯೂ ಇಲ್ಲ. ಕೊಡದ ಬಾಯಿಗೆ ಬಟ್ಟೆ ಹಾಸಿ ನೀರು ತುಂಬಿಕೊಂಡೆ. ತಿರುಗಿದರೆ, ದಂಡೆಯ ಮೇಲೆ ಅದು ನಿಂತಿತ್ತು.

ಮೊದಲು ಬಂಡೆ ಎಂದುಕೊಂಡೆ. ಆಮೇಲೆ ಬಿಳಿಯ ಕಾಲುಗಳು ಕಂಡವು, ಕಣ್ಣು ಕಂಡವು. ಲಕ್ಷ್ಮವ್ವ ಹೇಳಿದ್ದ ಕಾಡುಕೋಣ. ಕಣ್ಣಿಂದ ನೀರು ಸುರಿಯುತ್ತಿತ್ತು, ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಹಳ್ಳಕ್ಕೆ ಇಳಿಯಲೆಂದು ಮುಂಗಾಲು ಬಾಗಿಸುತ್ತಿತ್ತು, ಕಲ್ಲಿನ ಮೇಲೆ ಜಾರಿ ಮತ್ತೆ ಹಿಂದಕ್ಕೆ ಸರಿಯುತ್ತಿತ್ತು. ಅದರ ಗಂಟಲು ಒಣಗಿದ್ದು ನನಗೆ ನಿಂತಲ್ಲೇ ತಿಳಿಯಿತು; ಎರಡು ದಿನದಿಂದ ನಾನು ಅದನ್ನೇ ನೋಡುತ್ತ ಕೂತಿದ್ದೆನಲ್ಲ. ಓಡಬೇಕಿತ್ತು. ಓಡುವ ಬದಲು ದಂಡೆ ಹತ್ತಿ, ಅದರ ಮುಂದಿನ ಕಲ್ಲಿನ ಕುಳಿಗೆ ಕೊಡ ಬಗ್ಗಿಸಿದೆ. ಕೈ ಎಷ್ಟು ನಡುಗುತ್ತಿತ್ತೆಂದರೆ ಅರ್ಧ ನೀರು ನನ್ನ ಕಾಲ ಮೇಲೇ ಬಿತ್ತು. ಅದು ತಲೆ ತಗ್ಗಿಸಿ ಕುಡಿಯಿತು. ಅದರ ಉಸಿರು ನನ್ನ ಮೊಣಕೈಗೆ ತಾಗಿತು. ಮತ್ತೆ ಇಳಿದು ತುಂಬಿ ತಂದೆ. ಆಗಲೂ ಕೊಡಕ್ಕೆ ಬಟ್ಟೆ ಹಾಸಿ, ಸೋಸಿಯೇ ತುಂಬಿದೆ. ರಾಡಿಯಲ್ಲಿ ಮುಖವಿಟ್ಟು ಕುಡಿಯುವ ಪ್ರಾಣಿಗೆ ಸೋಸಿದ ನೀರು! ಈಗ ನೆನೆದರೆ ನಗು ಬರುತ್ತದೆ. ಆಗ ಕೈ ತನ್ನಷ್ಟಕ್ಕೆ ತಾನು ಮಾಡಿತು. ತೃಪ್ತಿಯಾಗುವಷ್ಟು ಕುಡಿದು, ನನ್ನನ್ನು ಬಹಳ ಹೊತ್ತು ನೋಡಿ, ಅದು ಮಂಜಿನೊಳಗೆ ಹೋಯಿತು. ಬಟ್ಟೆಯನ್ನು ಹಳ್ಳದಲ್ಲಿ ತೊಳೆದು, ಉಳಿದಷ್ಟು ನೀರು ಹಿಡಿದು ಬಂದೆ. ಹೊತ್ತು ಮುಳುಗಿತ್ತು.

ಗುಡಿಸಲಿನಲ್ಲಿ ಅತ್ತೆ ನಾನು ಬಿಟ್ಟು ಹೋದಂತೆಯೇ ಮಲಗಿದ್ದರು. ಆದರೆ ನರಳಾಟ ನಿಂತಿತ್ತು. ತಡವಾಯಿತಲ್ಲ ಎಂದು ಅಳು ಬಂದು, ಒಂದು ಗುಟುಕು ಕುಡಿಯಿರಿ ಎಂದು ಅವರ ತಲೆ ಎತ್ತಿದೆ. ಅವರು ಕಣ್ಣು ತೆರೆದರು. ಎರಡು ದಿನದಿಂದ ಮಾತು ಹೊರಡದಿದ್ದ ಗಂಟಲಿನಿಂದ ಸ್ಪಷ್ಟವಾಗಿ ಹೇಳಿದರು:

"ಸಾಕವ್ವಾ, ಹೊಟ್ಟಿ ತುಂಬ ಕುಡದೀನಿ."

ಅವರು ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡರು.

"ನಿನ್ನ ಕೈ ಎಷ್ಟ ನಡಗಾಕತ್ತಿತ್ತು. ಅಂಜಿದ್ದಿ. ಆದ್ರೂ ಸೋಸೇ ಕೊಟ್ಟಿ."

ಹಳ್ಳದ ವಿಷಯ ನಾನು ಒಂದಕ್ಷರವನ್ನೂ ಆಡಿರಲಿಲ್ಲ. ನಾನು ತಂದ ನೀರು ಇನ್ನೂ ಕೊಡದಲ್ಲೇ ಇತ್ತು. ಅವರ ತುಟಿ ಮುಟ್ಟಿ ನೋಡಿದೆ, ಹಸಿಯಾಗಿತ್ತು. ಆಮೇಲೆ ಅವರು ಹಾಯಾಗಿ ನಿದ್ದೆ ಹೋದರು. ಬೆಳಗಿನ ಜಾವ ಆ ನಿದ್ದೆಯಲ್ಲೇ ತೀರಿಕೊಂಡರು. ಡಾಕ್ಟರರೊಂದಿಗೆ ನಮ್ಮವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಮ್ಮವರಿಗೆ ನಡೆದುದನ್ನು ಹೇಳಿದೆ. ಗಾಬರಿಯಲ್ಲಿ ಬಡಬಡಿಸುತ್ತ ಬಂದಿರಬೇಕು, ಅವ್ವ ಕೇಳಿಸಿಕೊಂಡಿದ್ದಾಳೆ ಎಂದರು. ಇರಬಹುದು. ನನ್ನ ತಂದೆಗೂ ಹೇಳಿದೆ. ಎಲ್ಲದಕ್ಕೂ ಕಂದೀಲು ಹಿಡಿಯುತ್ತಿದ್ದವರು ಈ ಸಲ ಊಟಕ್ಕೆ ಏಳು ಎಂದರು. ನಾನು ಎಷ್ಟೋ ಸಲ ಒಬ್ಬಳೇ ಕೂತು ಅದನ್ನು ಬಿಡಿಸಿ ನೋಡಿದ್ದೇನೆ. ಪ್ರತಿ ಸಲವೂ ಆ ಹಸಿ ತುಟಿಯ ಹತ್ತಿರ ಬಂದು ನಿಲ್ಲುತ್ತೇನೆ.

ಬೇನೆ ಇಳಿದು ನಾವು ಬೆಳಗಾವಿಗೆ ಮರಳಿದ ಮೇಲೆ ಮಾತನಾಡಿಸಲು ಬಂದ ಹೆಂಗಸರು, ಪಾಪ, ಅಂಥ ವ್ರತಸ್ಥೆ ಬಾಯಿಗೆ ಒಂದು ಹನಿ ನೀರಿಲ್ಲದೆ ಹೋದಳಲ್ಲ ಎಂದು ಮರುಗಿದರು. ಯಾರ ಮಾತಿನ ನಡುವೆಯೂ ಬಾಯಿ ಹಾಕದೆ ಬಿಡದ ನಾನು ಅವರೆದುರು ತಲೆ ತಗ್ಗಿಸಿ ಕೂತೆ. ಅತ್ತೆ ನೀರಡಿಸಿ ಸಾಯಲಿಲ್ಲ. ಇದು ನನಗೆ ಗೊತ್ತು.